ಮಾಟಗಾತಿಯ ಟೋಪಿ, ಮದುವೆಯ ಕ್ರೇಟು

ನಿನ್ನೆ ರಾತ್ರಿ ನಮ್ಮ ಮನೆಮಂದಿಯ ವಾಟ್ಸಾಪ್ ಗುಂಪಿಗೆ ಸುಧಾ ಒಂದು ಫಾರ್ವರ್ಡ್ ಹಾಕಿದಳು. 'ಮಾಟಗಾತಿ ಅಂದ್ರೆ ಯಾರು ಗೊತ್ತಾ? ಹಳೇ ಕಾಲದಲ್ಲಿ ಬಿಯರ್ ಮಾಡಿ ಮಾರುತ್ತಿದ್ದ ಹೆಂಗಸು! ಚೂಪು ಟೋಪಿ, ಕಡಾಯಿ, ಬೆಕ್ಕು ಎಲ್ಲಾ ಅವಳದ್ದೇ.' ಕೆಳಗೆ ಅವಳದೇ ಒಗ್ಗರಣೆ: 'ಹೆಂಗಸು ದುಡಿದ್ರೆ ಇದೇ ಹೆಸರು.'

ಪುಣೆಯ ರಮೇಶ ತಕ್ಷಣ ಬಂದ. 'ಮೂಲ ಎಲ್ಲಿದೆ?' ಹುಟ್ಟುಹಬ್ಬದ ಶುಭಾಶಯಕ್ಕೂ ಮೂಲ ಕೇಳುವವನು ಅವನು. ಆದರೆ ಈ ಸಲ ಮಾತಿನಲ್ಲಿ ಹುರುಳಿತ್ತು. ಇಂಗ್ಲೆಂಡಿನಲ್ಲಿ ಏಲ್ ಎಂಬ ಹಳೇ ಬಗೆಯ ಬಿಯರ್ ಕಾಯಿಸುತ್ತಿದ್ದವರು ಹೆಚ್ಚಾಗಿ ಹೆಂಗಸರೇ, ನಿಜ. ಅದು ಕೆಲವೇ ದಿನಕ್ಕೆ ಹುಳಿಯಾಗುತ್ತಿತ್ತು. ಅದಕ್ಕೇ ಮನೆಯಲ್ಲೇ ಸ್ವಲ್ಪ ಸ್ವಲ್ಪ ಮಾಡಿ ಮಾರುತ್ತಿದ್ದರು. 1348ರ ಪ್ಲೇಗ್ ಕಳೆದ ಮೇಲೆ ಹಾಪ್ಸ್ ಎಂಬ ಕಹಿ ಹೂವು ಹಾಕಿದ ಬಿಯರ್ ನಿಧಾನವಾಗಿ ಹಬ್ಬಿತು. ಅದು ಬೇಗ ಕೆಡುವುದಿಲ್ಲ. ದೊಡ್ಡ ಹಂಡೆ, ದೊಡ್ಡ ಬಂಡವಾಳ, ಗಂಡಸರ ಸಂಘ. ಹೆಂಗಸರು ಹೊರಗೆ. 'ಮಾಟಗಾತಿಗೆ ಚೂಪು ಟೋಪಿ ಬಂದದ್ದು ಎಷ್ಟೋ ಕಾಲ ಆದ ಮೇಲೆ. ನೀನು ಟೋಪಿ ಹಾಕ್ತಿರೋದು ಯಾರಿಗೆ?'

ಸುಧಾ: 'ಟೋಪಿ ಮಾತು ನೀನು ಆಡ್ಬೇಡ. 1998ರಲ್ಲಿ ನನ್ನ ಮದುವೆಗೆ ತಂದ ಒಂದು ಕ್ರೇಟ್ ಬಿಯರ್ ಎಲ್ಲಿ ಹೋಯ್ತು?'

ಅಲ್ಲಿಗೆ ಇಂಗ್ಲೆಂಡು ಮುಗಿಯಿತು.

ದೊಡ್ಡಪ್ಪ ಬರೆದರು: 'ಹೆಣ್ಣುಮಕ್ಕಳಿರುವ ಗುಂಪಿನಲ್ಲಿ ಕುಡಿತದ ಮಾತೇ? ಸಂಸ್ಕಾರ ಬೇಡವೇ?' ಮುಂಬಯಿಯ ಕುರ್ಲಾದಲ್ಲಿ 30 ವರ್ಷ ಪರ್ಮಿಟ್ ರೂಮು, ಅಂದರೆ ಬಾರ್, ನಡೆಸಿದವರು ಇವರು! ನಾನು ಸುಮ್ನಿರಲಾರದೆ, ಪ್ರಾಚೀನ ಮೆಸೊಪೊಟೇಮಿಯಾದ ಸುಮೇರಿನಲ್ಲಿ ಬಿಯರ್‌ಗೆ ನಿಂಕಾಸಿ ಎಂಬ ದೇವತೆಯಿದ್ದಳು, ಕ್ರಿ.ಪೂ. 1800ರ ಸುಮಾರಿನ ಅವಳ ಸ್ತೋತ್ರದಲ್ಲಿ ಬಿಯರ್ ಮಾಡುವ ಬಗೆಯೂ ಇದೆ ಎಂದು ಬರೆದೆ. ದೊಡ್ಡಪ್ಪ ಕೈಮುಗಿಯುವ ಎಮೋಜಿ ಹಾಕಿದರು. 'ದೇವತೆ' ಎಂಬುದನ್ನಷ್ಟೇ ಓದಿರಬೇಕು.

ಅಷ್ಟರಲ್ಲಿ ಗೋವಾದ ಪ್ರಕಾಶನಿಗೆ ಬಾಂದ್ರಾದ ಆಂಟಿ ಬಾರ್ ನೆನಪಾಯಿತು. 1949ರ ಬಾಂಬೆ ಪಾನನಿರೋಧ ಕಾಯ್ದೆಯ ನಂತರ ಹೆಂಗಸರು ಮನೆಯ ಮುಂದಿನ ಕೋಣೆಯಲ್ಲೇ ಕದ್ದು ಸಾರಾಯಿ ಮಾರುತ್ತಿದ್ದ ಜಾಗಗಳವು. ಅಪ್ಪನ ಜೊತೆ ಹೋಗಿ ಬೇಯಿಸಿದ ಮೊಟ್ಟೆ ತಿಂದದ್ದನ್ನು ಆರು ಮೆಸೇಜುಗಳಲ್ಲಿ ಬರೆದ.

ಆಮೇಲೆ ದೊಡ್ಡಮ್ಮನ ವಾಯ್ಸ್ ಮೆಸೇಜ್ ಬಂತು. ಗುಂಪಿನಲ್ಲಿ ಅವರ ದನಿ ಕೇಳಿದ್ದು ಅದೇ ಮೊದಲು. 'ಗಲ್ಲಾ ರಾತ್ರಿ ಒಂದು ಗಂಟೆಗೆ ಮನೆಗೆ ಬರ್ತಿತ್ತು. ನೋಟೆಲ್ಲ ಬಿಯರಿನಲ್ಲಿ ನೆಂದು ಅಂಟಿಕೊಂಡಿರ್ತಿತ್ತು. ಒಂದೊಂದನ್ನೇ ಬಿಡಿಸಿ, ಇಸ್ತ್ರಿ ಹಾಕಿ, ಎಣಿಸಿ ಇಡ್ತಿದ್ದವಳು ನಾನು. ಸೀರೆಗೆಲ್ಲ ಅದೇ ವಾಸನೆ. ಆವಾಗ ಸಂಸ್ಕಾರದ ಮಾತು ಬರ್ಲಿಲ್ಲ.'

ಗುಂಪು ತಣ್ಣಗಾಯಿತು. ದೊಡ್ಡಪ್ಪ ಆನ್‌ಲೈನ್‌ನಲ್ಲೇ ಇದ್ದರು.

ಸ್ವಲ್ಪ ಹೊತ್ತಿಗೆ ಸುಧಾ: 'ದೊಡ್ಡಮ್ಮಾ, ಹಾಗಾದ್ರೆ ಆ ಕ್ರೇಟಿನ ಲೆಕ್ಕವೂ ನಿಮಗೆ ಗೊತ್ತಿರ್ಬೇಕು ಅಲ್ವಾ?'