ಡಾಕ್ಟರನ್ನು ಕೇಳಿ: ಮಾಜಿ ಸೈನಿಕರ ನಿದ್ದೆ, ಸಿಟ್ಟು, ಕುಡಿತ

ಅಡ್ಮಿನ್: ಹಾಸನ ಜಿಲ್ಲೆಯ ಮಾಜಿ ಸೈನಿಕರ ಮನೆಯವರು ಕೇಳಬಹುದು. ಡಾಕ್ಟರು ಮನೋವೈದ್ಯರು, ಒಪಿಡಿ ಮುಗಿಸಿ ಬಂದು ಉತ್ತರಿಸುತ್ತಾರೆ. ಫಾರ್ವರ್ಡ್ ಬೇಡ.

ಆಲೂರು ಕಾಫಿಮನೆ: ನಮ್ಮಪ್ಪ 1987ರಲ್ಲಿ ಭಾರತದ ಶಾಂತಿಪಾಲನಾ ಪಡೆ ಜೊತೆ ಶ್ರೀಲಂಕಾದ ಜಾಫ್ನಾಗೆ ಹೋಗಿದ್ದವರು. ಬಂದ ಮೇಲೆ ತೋಟ ನೋಡ್ಕೊಂಡು ಚೆನ್ನಾಗೇ ಇದ್ರು. ಹೋದ ವರ್ಷ ಅಮ್ಮ ತೀರಿಕೊಂಡ್ರು, ಅಲ್ಲಿಂದ ಶುರು. ಆನೆ ಓಡಿಸೋಕೆ ಪಟಾಕಿ ಹೊಡೆದ್ರೆ ಮಂಚದ ಕೆಳಗೆ ಸೇರ್ತಾರೆ, ಆಮೇಲೆ ತೋಟದ ಬಂದೂಕು ಹಿಡ್ಕೊಂಡು ಬೆಳಗಿನವರೆಗೂ ಅಂಗಳದಲ್ಲಿ ಕೂರ್ತಾರೆ. ದಿನಾ ಕ್ವಾರ್ಟರ್ ಬೇಕು. ಇಷ್ಟು ವರ್ಷ ಇಲ್ಲದ್ದು ಈಗ್ಯಾಕೆ?

ಡಾಕ್ಟರ್: ಕಾರಣ ಆಮೇಲೆ, ಮೊದಲು ಬಂದೂಕು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುತ್ತೀರಲ್ಲ, ಹಾಗೇ ನಾಳೆಯೇ ಮನೆಯಿಂದ ಆಚೆ ಹೋಗಲಿ. ಕುಡಿತ, ಒಂಟಿತನ, ನಿದ್ದೆಗೇಡು, ಕೈಯಲ್ಲಿ ಬಂದೂಕು: ನನಗೆ ಭಯ ಇರುವುದು ಇದಕ್ಕೆ.

ಈಗ ಯಾಕೆ ಅಂದರೆ, ಇಷ್ಟು ದಿನ ದುಡಿಮೆ ಮತ್ತು ನಿಮ್ಮ ಅಮ್ಮ ಅದನ್ನು ಅದುಮಿಟ್ಟಿದ್ದರು. ವಯಸ್ಸಾಗಿ, ಕೆಲಸ ಕಡಿಮೆಯಾಗಿ, ಜೊತೆಗಿದ್ದವರು ಹೋದಾಗ ಹಳೆಯದು ಮೇಲೆದ್ದು ಬರುವುದನ್ನು ಎಷ್ಟೋ ಯುದ್ಧಗಳ ಸೈನಿಕರಲ್ಲಿ ನೋಡಲಾಗಿದೆ. ಸದ್ದು ಕೇಳಿದ ಕ್ಷಣ ಮೈಗೆ ಅದು ಆಲೂರಲ್ಲ, ಜಾಫ್ನಾ. ಇದು ಪಿಟಿಎಸ್‌ಡಿ ಇರಬಹುದು, ಅಂದರೆ ಹಳೆಯ ಆಘಾತ ಬಿಡದೆ ಕಾಡುವ ಕಾಯಿಲೆ. ಈ ವಯಸ್ಸಿನಲ್ಲಿ ಮರೆವಿನ ಕಾಯಿಲೆಯೂ ಹೀಗೆ ತಲೆ ಎತ್ತಬಹುದು, ಅದನ್ನೂ ಪರೀಕ್ಷಿಸಬೇಕು.

ಕುಡಿದರೆ ನಿದ್ದೆ ಬೇಗ ಹತ್ತುತ್ತದೆ, ನಡುರಾತ್ರಿ ಒಡೆಯುತ್ತದೆ, ಕೆಟ್ಟ ಕನಸು ಹೆಚ್ಚುತ್ತದೆ. ಹಾಗಂತ ದಿಢೀರ್ ನಿಲ್ಲಿಸಬೇಡಿ, ಎರಡು ಮೂರು ದಿನದಲ್ಲಿ ಫಿಟ್ಸ್ ಬರಬಹುದು. ಆಸ್ಪತ್ರೆಯಲ್ಲೇ ಬಿಡಿಸಬೇಕು. ಕನಸಲ್ಲಿ ಕೂಗಿದರೆ ಮುಟ್ಟಿ ಎಬ್ಬಿಸಬೇಡಿ, ದೂರ ನಿಂತು ಹೆಸರು ಕರೆಯಿರಿ. ಆನೆ ಬಂದಿದೆ ಅಂತ ಮೊಬೈಲಿಗೆ ಮೆಸೇಜ್ ಬಂದರೆ, ಇವತ್ತು ಪಟಾಕಿ ಹೊಡೆಯಬಹುದು ಅಂತ ಅವರಿಗೆ ಮೊದಲೇ ಹೇಳಿಡಿ. ಸರ್ಟ್ರಲೀನ್ ತರಹದ ಮಾತ್ರೆಗಳಿವೆ, ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ನೆನಪುಗಳನ್ನು ಹಂತಹಂತವಾಗಿ ಎದುರಿಸುವ ಮಾತಿನ ಚಿಕಿತ್ಸೆಯೂ ಇದೆ. ಈ ವಾರವೇ ಕರೆತನ್ನಿ. ರಾತ್ರಿ ಕೈಮೀರಿದರೆ 112. ಮಾತಾಡಲು ಟೆಲಿ ಮಾನಸ್, 14416, ಕನ್ನಡದಲ್ಲೇ.

ಬೇಲೂರು ಹುಡುಗ: ಸರ್, ಇದು ಹುಚ್ಚಾ?

ಡಾಕ್ಟರ್: ಅಲ್ಲ.

ಅರಸೀಕೆರೆ ತೆಂಗು: ರಾತ್ರಿ ಹಾಲಿಗೆ ಒಂದು ಇಡೀ ಜಾಯಿಕಾಯಿ ತೇಯ್ದು ಕೊಡಿ, ಹನ್ನೊಂದು ದಿನ. ಶೇರ್ ಮಾಡಿ.

ಡಾಕ್ಟರ್: ಇಡೀ ಜಾಯಿಕಾಯಿ ತಿಂದರೆ ಎದೆ ಹೊಡೆದುಕೊಳ್ಳುತ್ತದೆ, ಇಲ್ಲದ್ದು ಕಾಣುತ್ತದೆ. ಈಗಾಗಲೇ ಇಲ್ಲದ್ದು ಕಾಣುತ್ತಿರುವವರಿಗೆ ಕೊಡುತ್ತೀರಾ? ಮೆಡಿಕಲ್ ಶಾಪಿನ ನಿದ್ದೆ ಮಾತ್ರೆಯೂ ಬೇಡ. ಹೆಂಡದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು.

ಮಾಜಿ ಹವಾಲ್ದಾರ್: ನಾನು 1999ರಲ್ಲಿ ಕಾರ್ಗಿಲ್‌ನಲ್ಲಿದ್ದೆ. ನಮಗೇನೂ ಆಗಿಲ್ಲ. ಎದೆಗಾರಿಕೆ ಬೇಕು ಅಷ್ಟೆ.

ಡಾಕ್ಟರ್: ಮೊದಲ ಮಹಾಯುದ್ಧದಲ್ಲೂ ಹೀಗೇ ಅಂದರು. ಹೇಡಿತನ, ಪಲಾಯನ ಇಂಥ ಆರೋಪದ ಮೇಲೆ ಬ್ರಿಟಿಷ್ ಸೇನೆ ಗುಂಡಿಕ್ಕಿ ಕೊಂದವರಲ್ಲಿ 306 ಜನರಿಗೆ 2006ರಲ್ಲಿ ಕ್ಷಮಾದಾನ ಕೊಟ್ಟರು. ಎಷ್ಟೋ ಜನ ಶೆಲ್ ಸದ್ದಿಗೆ ಮನಸ್ಸು ಮುರಿದವರು. ಈ ಕಾಯಿಲೆಯ ಈಗಿನ ಹೆಸರು, ಪಿಟಿಎಸ್‌ಡಿ, ಅಮೆರಿಕದ ವೈದ್ಯಕೀಯ ಪಟ್ಟಿಗೆ ಬಂದದ್ದೇ 1980ರಲ್ಲಿ, ವಿಯೆಟ್ನಾಂನಿಂದ ಮರಳಿದವರ ಒತ್ತಾಯದ ಮೇಲೆ. ನಿಮಗೆ ಆಗಿಲ್ಲ, ಸಂತೋಷ. ಅದು ಅವರಿಗೆ ಔಷಧಿಯಲ್ಲ.

ಸಕಲೇಶಪುರದವಳು: ಏನೂ ಆಗಿಲ್ವಾ ಅಂತ ಮನೆಯವರನ್ನ ಕೇಳಿ ಹವಾಲ್ದಾರ್ರೇ. ನಮ್ಮ ಯಜಮಾನ್ರೂ ಹಾಗೇ ಹೇಳ್ತಿದ್ರು. ಡಾಕ್ಟ್ರೇ, ಇಂಥವರ ಮಕ್ಕಳಿಗೂ ಇದು ಬರುತ್ತಾ?

ಮಾಜಿ ಹವಾಲ್ದಾರ್: ಮನೆಯವರ ಸುದ್ದಿ ಬೇಡ.

ಬೇಲೂರು ಹುಡುಗ: ಫಾರೆಸ್ಟಿನವರು ಪಟಾಕಿ ಹೊಡೆಯೋದನ್ನೇ ನಿಲ್ಸಿದ್ರೆ ಆಯ್ತಲ್ಲ?

ಆಲೂರು ತೋಟದವ: ಆನೆನ ನಿಮ್ಮನೆಗೆ ಕಳಿಸ್ಲಾ? ಭತ್ತ ಹೋಯ್ತು, ಬಾಳೆ ಹೋಯ್ತು, ಆಳುಗಳು ಕೆಲಸಕ್ಕೆ ಬರೋಕೆ ಹೆದರ್ತಾರೆ.

ಬೇಲೂರು ಹುಡುಗ: ಆನೆ ದಾರೀಲಿ ತೋಟ ಮಾಡಿದ್ಯಾರು?

ಆಲೂರು ತೋಟದವ: ಬಾ ಇಲ್ಲಿ, ಹೇಳ್ತೀನಿ.

ಅಡ್ಮಿನ್: ಆನೆ ವಿಷಯಕ್ಕೆ ಬೇರೆ ಪೋಸ್ಟ್ ಹಾಕಿ.

ಹೊಳೆನರಸೀಪುರ: ಸರ್ ಇದು ಹುಚ್ಚು ಅಂತಾನಾ? ವಾಸಿ ಆಗುತ್ತಾ?

ಡಾಕ್ಟರ್: ಮೇಲೆ ಓದಿ. ಕಾಫಿಮನೆಯವರೇ, ಬಂದೂಕಿನ ವಿಷಯಕ್ಕೆ ಉತ್ತರ ಬರಲಿಲ್ಲ.

ಅರಸೀಕೆರೆ ತೆಂಗು: ಅರ್ಧ ಜಾಯಿಕಾಯಿ ಆದರೆ?

ಆಲೂರು ಕಾಫಿಮನೆ: ಚಿಕ್ಕಪ್ಪ ಬೆಳಿಗ್ಗೆ ಠಾಣೆಗೆ ತಗೊಂಡು ಹೋಗ್ತಾರೆ ಸರ್. ಗುರುವಾರ ಒಪಿಡಿ ಇರುತ್ತಾ?