ಪದಚರ್ಚೆ: ಬೆಳಕಿಗಿಂತ ಮೊದಲು ಮುಟ್ಟುವ ಸುದ್ದಿಗೆ ಏನನ್ನೋಣ?

ಗೆಳೆಯರೇ,

ಒಂದು ವೈಜ್ಞಾನಿಕ ಕತೆ ಬರೆಯುತ್ತಿದ್ದೇನೆ. ನಕ್ಷತ್ರದಿಂದ ನಕ್ಷತ್ರಕ್ಕೆ ಬೆಳಕಿಗಿಂತ ಬೇಗ ಸುದ್ದಿ ಮುಟ್ಟಿಸುವ ಯಂತ್ರವೊಂದು ಅದರಲ್ಲಿ ಬರುತ್ತದೆ. ಅದಕ್ಕೊಂದು ಹೆಸರು ಬೇಕು, ಜೊತೆಗೆ ಕ್ರಿಯಾಪದವೂ ಬೇಕು. ಫೋನ್ 'ಮಾಡುತ್ತೇವೆ', ಕಾಗದ 'ಹಾಕುತ್ತೇವೆ', ಟೆಲಿಗ್ರಾಂ 'ಕೊಡುತ್ತಿದ್ದೆವು'. ಇದನ್ನು ಏನು ಮಾಡುವುದು?

ಮೊದಲು ಕೈಗೆ ಸಿಗುವ ದಾರಿ 'ಶಬ್ದಾತೀತ'ದ ಮಾದರಿ. ಸದ್ದಿಗಿಂತ ವೇಗವಾಗಿ ಹಾರುವ ವಿಮಾನಕ್ಕೆ ಶಬ್ದಾತೀತ ಅಂತೀವಿ, ಹಾಗಾದರೆ ಇದು 'ಬೆಳಕಾತೀತ'. ಆದರೆ ಇದು ಅರಿಸಮಾಸ, ಹಳಬರು ಸುಮ್ಮನೆ ಬಿಡುವುದಿಲ್ಲ. 'ಪ್ರಕಾಶಾತೀತ' ಅಂದರೆ ವ್ಯಾಕರಣದವರು ಒಪ್ಪುತ್ತಾರೆ, ಓದುವವರು ಯಾವುದೋ ಸ್ವಾಮಿಗಳ ಹೆಸರು ಅಂದುಕೊಳ್ಳುತ್ತಾರೆ. 'ಮನೋವೇಗ' ಚೆನ್ನಾಗಿದೆ. ಗಾಳಿಗಿಂತ ಬೇಗ ಹೋಗುವುದು ಯಾವುದು ಎಂದು ಯಕ್ಷ ಕೇಳಿದಾಗ ಧರ್ಮರಾಯ ಕೊಟ್ಟ ಉತ್ತರ ಮನಸ್ಸು ಅಂತಲೇ ಅಲ್ವಾ. ಆದರೆ ಕತೆಯಲ್ಲಿ ಆ ಪದ ಬಂದ ಕೂಡಲೇ ಓದುಗರು ಮನಸ್ಸಿನಲ್ಲೇ ಮಾತಾಡುವ ವಿದ್ಯೆ ಅಂದುಕೊಳ್ಳುತ್ತಾರೆ. 'ಸ್ಪೀಡ್'ಗೆ ವೇಗ ಅನ್ನಬೇಕೋ ಜವ ಅನ್ನಬೇಕೋ ಎಂಬ ಪಠ್ಯಪುಸ್ತಕದ ಜಗಳ ಇಲ್ಲಿ ಬೇಡ. ಹನುಮಂತನ 'ಮನೋಜವಂ ಮಾರುತತುಲ್ಯವೇಗಂ' ಶ್ಲೋಕದಲ್ಲಿ ಎರಡೂ ಅಕ್ಕಪಕ್ಕದಲ್ಲೇ ಇವೆ.

ನನ್ನ ನಿಜವಾದ ತೊಡಕು ಬೇರೆ. 'ಬೆಳಕಿಗಿಂತ ಬೇಗ' ಒಂದು, 'ಕೂಡಲೇ' ಇನ್ನೊಂದು. ಬೇಗ ಅಂದರೆ ದಾರಿಯಲ್ಲಿ ಸ್ವಲ್ಪವಾದರೂ ಹೊತ್ತು ಹಿಡಿಯುತ್ತದೆ. ಕೂಡಲೇ ಅಂದರೆ ದಾರಿಯೇ ಇಲ್ಲ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಅಲ್ಲಿಂದ ಹೊರಟ ಸಂಕೇತ ಭೂಮಿಗೆ ಬರಲು ಸುಮಾರು ಹನ್ನೆರಡೂವರೆ ನಿಮಿಷ ಹಿಡಿಯಿತು. ಅದನ್ನು ಹಿಡಿಯುವ, ಬೆಂಗಳೂರು ಹತ್ತಿರದ ಬ್ಯಾಲಾಳಿನ ಇಸ್ರೋ ಆಂಟೆನಾ ಎಷ್ಟೇ ದೊಡ್ಡದಿದ್ದರೂ ಅದರಲ್ಲಿ ಒಂದು ಸೆಕೆಂಡೂ ಕಡಿಮೆಯಾಗುವುದಿಲ್ಲ. ಆ ಹನ್ನೆರಡೂವರೆ ನಿಮಿಷವನ್ನು ಎರಡು ನಿಮಿಷ ಮಾಡುವ ಯಂತ್ರಕ್ಕೂ ಸೊನ್ನೆ ಮಾಡುವ ಯಂತ್ರಕ್ಕೂ ಒಂದೇ ಹೆಸರು ಸಾಕೇ?

ಸೊನ್ನೆ ಮಾಡುವ ಯಂತ್ರ ಅಂದರೆ 'ಈಗ' ಎಂಬ ಪದವೇ ಕೈಕೊಡುತ್ತದೆ. ಲೆಕ್ಕ ಹಾಕಿ ತೋರಿಸುತ್ತೇನೆ. ಒಂದು ನೌಕೆ ಬೆಳಕಿನ ವೇಗದ ಶೇಕಡಾ 60ರಷ್ಟು ವೇಗದಲ್ಲಿ ಭೂಮಿಯ ಪಕ್ಕದಲ್ಲೇ ಹಾದು ಹೋಯಿತು ಅನ್ನಿ. ಅಕ್ಕ ಭೂಮಿಯಲ್ಲಿ, ತಮ್ಮ ನೌಕೆಯಲ್ಲಿ. ಹಾದು ಹೋಗುವಾಗ ಇಬ್ಬರೂ ಗಡಿಯಾರವನ್ನು ಸೊನ್ನೆಗೆ ಇಟ್ಟುಕೊಂಡರು. ತನ್ನ ಗಡಿಯಾರದಲ್ಲಿ 5 ವರ್ಷ ಆದಾಗ ಅಕ್ಕ ಕೇಳುತ್ತಾಳೆ, 'ಊಟ ಆಯ್ತೇನೋ?' ಆಗ ಅವಳ ಲೆಕ್ಕದಲ್ಲಿ ತಮ್ಮ 3 ಜ್ಯೋತಿರ್ವರ್ಷ ದೂರದಲ್ಲಿದ್ದಾನೆ. ಐನ್‌ಸ್ಟೈನ್‌ರ ಸಾಪೇಕ್ಷತೆಯ ಪ್ರಕಾರ ಓಡುತ್ತಿರುವವರ ಗಡಿಯಾರ ನಿಧಾನ, ಈ ವೇಗದಲ್ಲಿ ಐದು ವರ್ಷಕ್ಕೆ ನಾಲ್ಕೇ ವರ್ಷ. ಹಾಗಾಗಿ ಅವನ ಗಡಿಯಾರ 4 ವರ್ಷ ತೋರಿಸುತ್ತಿದೆ. ಮಾತು ಕೂಡಲೇ ಮುಟ್ಟಿತು. ತಮ್ಮನೂ ಕೂಡಲೇ 'ಆಯ್ತಕ್ಕ' ಅಂದ. ಆದರೆ ತಮ್ಮನ ಲೆಕ್ಕದಲ್ಲಿ ಓಡುತ್ತಿರುವುದು ಭೂಮಿ, ನಿಧಾನವಾಗಿರುವುದು ಅಕ್ಕನ ಗಡಿಯಾರ. ಅವನ 'ಈಗ'ದಲ್ಲಿ ಅದು ತೋರಿಸುವುದು 3.2 ವರ್ಷ. ಉತ್ತರ ಹೋಗಿ ಮುಟ್ಟುವುದು ಅಲ್ಲಿಗೆ. ಅಂದರೆ ಅಕ್ಕ ಊಟದ ಮಾತೆತ್ತುವ 1.8 ವರ್ಷ ಮೊದಲೇ ಅವಳಿಗೆ 'ಆಯ್ತಕ್ಕ' ಎಂದು ಕೇಳಿಸುತ್ತದೆ! ಯಂತ್ರ ಕೆಟ್ಟಿಲ್ಲ, ಇಬ್ಬರ ಲೆಕ್ಕವೂ ಸರಿ. ಐನ್‌ಸ್ಟೈನ್ 1905ರಲ್ಲಿ ಹೇಳಿದ್ದನ್ನು ನಂಬಿದರೆ ಇದನ್ನೂ ನಂಬಬೇಕು. 1970ರಲ್ಲಿ ಬೆನ್‌ಫರ್ಡ್, ಬುಕ್, ನ್ಯೂಕಾಂಬ್ ಎಂಬ ಮೂವರು ಭೌತವಿಜ್ಞಾನಿಗಳು ಇಂಥ ಸಾಧನಕ್ಕೆ 'ಆಂಟಿಟೆಲಿಫೋನ್' ಎಂದು ಹೆಸರಿಟ್ಟು ಪ್ರಬಂಧವನ್ನೇ ಬರೆದರು. ಮೂವರಲ್ಲಿ ಬೆನ್‌ಫರ್ಡ್ ಕತೆಗಾರರೂ ಹೌದು.

ಇಂಗ್ಲಿಷ್ ಕತೆಗಾರರು ಇದನ್ನು ಹೇಗೆ ನಿಭಾಯಿಸಿದರು ಎಂದು ನೋಡಿದೆ. ಉರ್ಸುಲಾ ಲೆ ಗ್ವಿನ್ 1966ರಲ್ಲಿ ಇಂಥ ಯಂತ್ರಕ್ಕೆ 'ಆನ್ಸಿಬಲ್' ಎಂಬ ಪದ ಹುಟ್ಟಿಸಿದರು. 'ಆನ್ಸರಬಲ್' ಅನ್ನುವುದು ಸವೆದು ಆದ ರೂಪ. ಆಮೇಲೆ ಬೇರೆ ಕತೆಗಾರರೂ ಅದನ್ನೇ ಎತ್ತಿಕೊಂಡರು. ಅವರಿಗಿಂತ ಮೊದಲೇ, 1954ರಲ್ಲಿ, ಜೇಮ್ಸ್ ಬ್ಲಿಶ್ ಭೌತವಿಜ್ಞಾನಿ ಡಿರಾಕ್ ಹೆಸರಿನಲ್ಲಿ ಒಂದು ಯಂತ್ರ ಮಾಡಿದ್ದರು. ಅದರಲ್ಲಿ ಪ್ರತಿ ಸಂದೇಶದ ಮೊದಲು 'ಬೀಪ್' ಎಂಬ ಸದ್ದು ಬರುತ್ತದೆ. ಹಿಂದೆ ಕಳಿಸಿದ, ಮುಂದೆ ಕಳಿಸಲಿರುವ ಎಲ್ಲ ಸಂದೇಶಗಳೂ ಆ ಒಂದು ಸದ್ದಿನಲ್ಲಿ ಅಡಗಿವೆ! ನನ್ನ ಪ್ರಕಾರ ಇದೇ ಹೆಚ್ಚು ಪ್ರಾಮಾಣಿಕ. ಬೆಳಕನ್ನು ಮೀರಿದರೆ ಕಾಲವೂ ಕಲಸಿಹೋಗುತ್ತದೆ ಎಂದು ಗೊತ್ತಿದ್ದು, ಅದನ್ನೇ ಕತೆ ಮಾಡಿದ್ದಾರೆ.

ಈಗಿನ ಕತೆಗಳಲ್ಲಿ ಜಾಸ್ತಿ ಓಡಾಡುವುದು ಎಂಟ್ಯಾಂಗಲ್‌ಮೆಂಟ್, ಅಂದರೆ ಎರಡು ಕಣಗಳು ದೂರದಲ್ಲಿದ್ದರೂ ಒಂದಕ್ಕೊಂದು ಹೆಣೆದುಕೊಂಡಿರುವುದು. ಇದಕ್ಕೆ 'ಹೆಣಿಕೆ' ಅನ್ನಬಹುದು, ಆದರೆ ಆ ಹೆಸರಿನಲ್ಲಿ ಫೋನ್ ಮಾಡಿಸಬೇಡಿ. ಹೆಣೆದುಕೊಂಡ ಎರಡು ಕಣಗಳನ್ನು ಅಳೆದರೆ ಎರಡೂ ಕಡೆಯ ಫಲಿತಾಂಶಗಳಿಗೆ ನಂಟು ಇರುತ್ತದೆ, ನಿಜ. 2017ರಲ್ಲಿ ಚೀನಾದ ಉಪಗ್ರಹವೊಂದು 1,200 ಕಿ.ಮೀ. ಅಂತರದಲ್ಲಿ ಇದನ್ನು ತೋರಿಸಿತು. ಆದರೆ ನಿಮ್ಮ ಕಡೆ ಯಾವ ಫಲಿತಾಂಶ ಬರಬೇಕು ಎಂದು ಆರಿಸುವ ಹಕ್ಕು ನಿಮಗಿಲ್ಲ. ಆರಿಸಲಾಗದಿದ್ದರೆ ಹೇಳುವುದೇನನ್ನು? ನಂಟು ಇದೆ ಎಂದು ಗೊತ್ತಾಗಬೇಕಾದರೂ ಎರಡು ಕಡೆಯ ಪಟ್ಟಿಗಳನ್ನು ಮಾಮೂಲಿ ದಾರಿಯಲ್ಲಿ ತರಿಸಿ ಹೋಲಿಸಬೇಕು.

ಟ್ಯಾಕಿಯಾನ್ ಎಂಬ ಊಹೆಯ ಕಣದ ಬಗ್ಗೆ ನಮ್ಮವರೂ ಕೆಲಸ ಮಾಡಿದ್ದಾರೆ. ಬಿಲಾನಿಯುಕ್, ದೇಶಪಾಂಡೆ ಮತ್ತು ಕೇರಳದ ಇ.ಸಿ.ಜಿ. ಸುದರ್ಶನ್ 1962ರಲ್ಲೇ ಬೆಳಕಿಗಿಂತ ವೇಗದ ಕಣಗಳ ಬಗ್ಗೆ ಬರೆದರು. ಟ್ಯಾಕಿಯಾನ್ ಎಂಬ ಹೆಸರು ಕೊಟ್ಟದ್ದು ಫೈನ್‌ಬರ್ಗ್, 1967ರಲ್ಲಿ. ಇಂಥ ಕಣ ಯಾರಿಗೂ ಸಿಕ್ಕಿಲ್ಲ. ಆದರೆ ಸುದರ್ಶನ್ ಮತ್ತು ಜೊತೆಯವರ ವಾದದಲ್ಲಿ ನಮಗೆ ಬೇಕಾದದ್ದೊಂದಿದೆ. ಒಬ್ಬ ನೋಡುಗನಿಗೆ ಕಣ 'ಇಲ್ಲಿಂದ ಹೋಯಿತು' ಅನಿಸಿದ್ದು ಇನ್ನೊಬ್ಬನಿಗೆ 'ಇಲ್ಲಿಗೆ ಬಂತು' ಅನಿಸಬಹುದು. ಕಳಿಸಿದವರು ಯಾರು, ಪಡೆದವರು ಯಾರು ಎಂಬುದೇ ಅದಲುಬದಲು. ಹಾಗಾಗಿ 'ಕಳಿಸು', 'ರವಾನಿಸು' ಎರಡೂ ನನ್ನ ಕತೆಗೆ ಸರಿಹೋಗುವುದಿಲ್ಲ. 'ಮುಟ್ಟು' ಪರವಾಗಿಲ್ಲ. 'ಸುದ್ದಿ ಮುಟ್ಟಿತು' ಅಂದರೆ ಮೊದಲು ಬಾಯಿ ಬಿಟ್ಟವರು ಯಾರು ಎಂದು ಹೇಳಲೇಬೇಕಿಲ್ಲ.

ಕತೆ ನಂಬುವಂತಿರಲಿ ಎಂದು ನಾನು ಹಿಡಿದ ದಾರಿ ಇದು: ಇಡೀ ಬ್ರಹ್ಮಾಂಡಕ್ಕೆ ಒಂದೇ 'ಈಗ' ಇದೆ, ಯಂತ್ರ ಅದರ ಪ್ರಕಾರ ಮಾತ್ರ ನಡೆಯುತ್ತದೆ. ನೌಕೆಯವರ ಗಡಿಯಾರ ಏನೇ ಹೇಳಲಿ, ಸುದ್ದಿ ಹೋಗುವುದು ಆ ಹೊತ್ತಿನ ಲೆಕ್ಕದಲ್ಲಿ. ಆಗ ತಮ್ಮನ ಉತ್ತರ ಅಕ್ಕನ ಪ್ರಶ್ನೆಗಿಂತ ಹಿಂದಕ್ಕೆ ಹೋಗುವುದಿಲ್ಲ. ಐನ್‌ಸ್ಟೈನ್ ಒಪ್ಪುತ್ತಿರಲಿಲ್ಲ, ಆದರೆ ಕತೆಗೆ ಇಷ್ಟು ಸಾಲ ಸಿಗಬೇಕು. ಆ ಒಂದೇ ಹೊತ್ತಿಗೆ 'ತಾಯಿಬೇರು' ಇದ್ದ ಹಾಗೆ 'ತಾಯಿಹೊತ್ತು' ಎಂದು ಇಟ್ಟಿದ್ದೇನೆ.

ಇನ್ನು ಯಂತ್ರದ ಹೆಸರು. ಪುರಾಣದಿಂದ ಎತ್ತಿಕೊಳ್ಳಬಹುದು, ಅದಕ್ಕೆ ಮೇಲ್ಪಂಕ್ತಿಯೂ ಇದೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಶುರು ಮಾಡಿದ ರೇಡಿಯೊ ಕೇಂದ್ರ 'ಆಕಾಶವಾಣಿ' ಆಗಿದ್ದು ಹಾಗೆಯೇ. ಅದರ ಜೋಡಿ 'ಅಶರೀರವಾಣಿ' ಇನ್ನೂ ಖಾಲಿ ಇದೆ. ಆದರೆ ಅದು ಒಂದೇ ಕಡೆಯ ಮಾತು. ಕಂಸನಿಗೆ ಕೇಳಿಸಿತು, ತಿರುಗಿ ಕೇಳಲು ಅವನಿಗೆ ಆಗಲಿಲ್ಲ. ನನಗೆ ಬೇಕಿರುವುದು ಉತ್ತರ ಕೊಡುವ ಯಂತ್ರ. ಕನ್ನಡದಲ್ಲಿ ಕರೆದಾಗ 'ಓ' ಅನ್ನುವುದಕ್ಕೆ 'ಓಗೊಡು' ಇದೆ. 'ಕೊಡು'ವಿನಿಂದ 'ಕೊಡುಗೆ' ಆದಂತೆ 'ಓಗೊಡುಗೆ' ಅನ್ನಬಹುದೇ? ಕ್ರಿಯಾಪದವೂ ಅದರಲ್ಲೇ ಸಿಕ್ಕಿತು: ಈ ಕಡೆಯವರು ಕೂಗುತ್ತಾರೆ, ಆ ಕಡೆಯವರು ಓಗೊಡುತ್ತಾರೆ. ಇನ್ನೊಂದು ಆಯ್ಕೆ 'ಕೂಗಳತೆ'. ನಾಲ್ಕು ಜ್ಯೋತಿರ್ವರ್ಷ ಆಚೆಯ ಊರನ್ನು ಕೂಗಳತೆಗೆ ತರುವ ಯಂತ್ರದ ಹೆಸರೇ ಕೂಗಳತೆ. ಮನಸ್ಸು ಇದರ ಕಡೆಗೇ ವಾಲುತ್ತಿದೆ, ಆದರೆ ಅಳತೆಯ ಹೆಸರು ವಸ್ತುವಿನ ಹೆಸರಾದರೆ ವಾಕ್ಯದಲ್ಲಿ ಗೊಂದಲ ಆಗುತ್ತದೆಯೇನೋ. 'ಕೂಗಳತೆ ಕೆಟ್ಟಿದೆ' ಅಂದರೆ ನಿಮಗೆ ಏನು ಅನಿಸುತ್ತದೆ?

ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು ದಯವಿಟ್ಟು ಹೇಳಿ: 'ಓಗೊಡು' ನಿಮ್ಮ ಮನೆಮಾತಿನಲ್ಲಿ ಇದೆಯೇ, ಪುಸ್ತಕದಲ್ಲಿ ಮಾತ್ರವೇ? ದೂರದಿಂದ ಕೂಗಿ ಕರೆದವರಿಗೆ ತಿರುಗಿ ಕೂಗುವುದಕ್ಕೆ ನಿಮ್ಮ ಕಡೆ ಬೇರೆ ಪದ ಇದ್ದರೆ ಅದನ್ನೂ ಬರೆಯಿರಿ.