ಪದ ಬೇಕು (ಅರ್ಜೆಂಟ್): ಓಲ್ಡಮೈಟ್‌ಗೆ ಕನ್ನಡದಲ್ಲಿ ಏನನ್ನೋಣ?

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಉಲ್ಕೆಗಳ ಬಗ್ಗೆ ಒಂದು ಫ್ಲೆಕ್ಸ್ ಮಾಡಿಸುತ್ತಿದ್ದೇವೆ. ಅದರಲ್ಲಿ ಓಲ್ಡಮೈಟ್ ಅನ್ನುವ ಖನಿಜದ ಫೋಟೋ ಇದೆ. ಕ್ಯಾಲ್ಸಿಯಂ ಮತ್ತು ಗಂಧಕ ಸೇರಿ ಆದದ್ದು, ತಿಳಿ ಕಂದು ಬಣ್ಣ. 1852ರಲ್ಲಿ ಉತ್ತರ ಪ್ರದೇಶದ ಬಸ್ತಿ ಕಡೆ ಬಿದ್ದ ಉಲ್ಕಾಶಿಲೆಯಲ್ಲಿ ಮೊದಲು ಸಿಕ್ಕಿದ್ದು, ನಮ್ಮ ದೇಶದ್ದೇ ಕಥೆ ಅಂತ ಸೇರಿಸಿದೆವು. ಇದಕ್ಕೆ ಕನ್ನಡದ ಪದ ಇದೆಯಾ? ಇಲ್ಲದಿದ್ದರೆ ‘ಸುಣ್ಣಗಂಧಕ’ ಅಂತ ಹಾಕಿದರೆ ನಡೆಯುತ್ತಾ? ಸಂಜೆಯೊಳಗೆ ಮ್ಯಾಟರ್ ಕೊಡದಿದ್ದರೆ ನಾಳೆ ಪ್ರಿಂಟ್ ಸಿಗಲ್ಲ ಅಂದಿದ್ದಾರೆ.

ಚಿತ್ರದುರ್ಗದಿಂದ:
ಖನಿಜದ ಹೆಸರು ಅಂಕಿತನಾಮ. ಅನುವಾದದ ಪ್ರಶ್ನೆಯೇ ಇಲ್ಲ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಗೆ 1851ರಲ್ಲಿ ಮುಖ್ಯಸ್ಥರಾಗಿ ಬಂದ ಥಾಮಸ್ ಓಲ್ಡಮ್ ಅವರ ಹೆಸರು ಅದು, 1862ರಲ್ಲಿ ಬ್ರಿಟಿಷ್ ಖನಿಜತಜ್ಞ ಮ್ಯಾಸ್ಕೆಲಿನ್ ಇಟ್ಟದ್ದು. ಇಂಗ್ಲಿಷ್ ಸ್ಪೆಲಿಂಗ್‌ನಲ್ಲಿ (Oldhamite) h ಇದೆ ಅಂತ ‘ಹ್ಯಾ’ ತುರುಕಬೇಡಿ, ಅಲ್ಲಿ ಹಕಾರದ ಉಚ್ಚಾರ ಇಲ್ಲ. ಓಲ್ಡಮೈಟ್. ಮುಗಿಯಿತು.

ಹೊಸದುರ್ಗದಿಂದ:
ಮುಗಿಯಲಿಲ್ಲ ಸಾರ್. ಗಂಧಕ ಬೆರೆತ ಕಲ್ಲಿಗೆ ಹೆಸರಿಡುವುದು ನಮಗೆ ಹೊಸದೇನಲ್ಲ. ಪಾದರಸದ್ದು ಇಂಗಳಿಕ. ಆರ್ಸೆನಿಕ್‌ದು ಹಳದಿ ಇದ್ದರೆ ಹರಿದಾಳ, ಕೆಂಪಗಿದ್ದರೆ ಮಣಿಶಿಲೆ. ಕಣ್ಣಿಗೆ ಹಚ್ಚುತ್ತಿದ್ದ ಅಂಜನದ ಕಲ್ಲೂ ಇದೇ ಜಾತಿ. ಬಣ್ಣ ಅರೆಯುವವರು, ಔಷಧಿ ಕುಟ್ಟುವವರು ಯಾರನ್ನೂ ಕೇಳದೆ ಈ ಮಾತುಗಳನ್ನು ಬಳಸಿದರು. ನಿಮ್ಮೂರ ಪಕ್ಕದ ಇಂಗಳದಾಳ ನೋಡಿ, ತಾಮ್ರದ ಗಣಿ ಇದ್ದ ಊರು, ಆ ಹೆಸರಲ್ಲೇ ಇಂಗಳಿಕವೂ ಹರಿದಾಳವೂ ಜೋಡಿಯಾಗಿ ಕೂತಿವೆ ಅಂತ ನಾನು ಬಹಳ ದಿನದಿಂದ ಹೇಳುತ್ತಿದ್ದೇನೆ, ಯಾರೂ ಕಿವಿಗೆ ಹಾಕಿಕೊಳ್ಳಲ್ಲ. ಇಂಗಳಿಕದ ದಾರಿಯಲ್ಲೇ ಹೋಗಿ ‘ಸುಣ್ಣಿಕ’ ಅನ್ನಿ ಮೇಡಂ. ಮಕ್ಕಳ ನಾಲಿಗೆ ತೊಡರುವುದಿಲ್ಲ.

ಚಿತ್ರದುರ್ಗದಿಂದ:
ಇಂಗಳದಾಳದಲ್ಲಿ ತೆಗೆದದ್ದು ತಾಮ್ರ, ಕಬ್ಬಿಣ, ಗಂಧಕ ಸೇರಿದ ಚಾಲ್ಕೊಪೈರೈಟ್. ಪಾದರಸಕ್ಕೂ ಅದಕ್ಕೂ ಏನು ಸಂಬಂಧ? ಊರ ಹೆಸರಿಗೆ ಶಾಸನ ತೋರಿಸಿ, ಇಲ್ಲಾ ಸುಮ್ನಿರಿ. ಇನ್ನು ನಿಮ್ಮ ಅಚ್ಚಗನ್ನಡ ಇಂಗಳಿಕ ಸಂಸ್ಕೃತದ ಹಿಂಗುಲದ್ದು, ಹರಿದಾಳ ಹರಿತಾಲದ್ದು.

ಹಿರಿಯೂರಿನಿಂದ:
ನಾನು ಪಾಠ ಹೇಳಿದ್ದು ರಸಾಯನಶಾಸ್ತ್ರ, ಈಗ ನೋಡಿಕೊಳ್ಳುವುದು ದಾಳಿಂಬೆ ತೋಟ. ಎರಡೂ ಕಡೆಯಿಂದ ‘ಸುಣ್ಣಗಂಧಕ’ ಬೇಡ ಅಂತೀನಿ. ಸುಣ್ಣ, ಗಂಧಕ ಎರಡನ್ನೂ ನೀರಲ್ಲಿ ಕುದಿಸಿ ಕೆಂಪು ಕಷಾಯದ ಹಾಗೆ ಮಾಡಿ ಬೂದಿ ರೋಗಕ್ಕೆ ಹೊಡೆಯುವ ಔಷಧಿ ಇದೆಯಲ್ಲ, ರೈತರು ಫ್ಲೆಕ್ಸ್ ನೋಡಿ ಅದೇ ಅಂದುಕೊಳ್ಳುತ್ತಾರೆ. ಅದಕ್ಕಿಂತ ಮುಖ್ಯ ಇನ್ನೊಂದಿದೆ. ಸುಣ್ಣ ಅಂದರೆ ಕ್ಯಾಲ್ಸಿಯಂ ಆಮ್ಲಜನಕವನ್ನು ಹಿಡಿದುಕೊಂಡಿರುವುದು. ಭೂಮಿಯ ಮೇಲೆ ಅದು ಸಾಮಾನ್ಯವಾಗಿ ಹಿಡಿಯುವುದು ಅದನ್ನೇ, ಸುಣ್ಣದ ಕಲ್ಲಲ್ಲೂ ಅಷ್ಟೇ. ಆಮ್ಲಜನಕ ತೀರಾ ಕಮ್ಮಿ ಇರುವ ಕಡೆ ಮಾತ್ರ ಗಂಧಕದ ಜೊತೆ ಹೋಗುತ್ತದೆ. ಓಲ್ಡಮೈಟ್ ಹುಟ್ಟಿದ್ದು ಅಂಥ ಜಾಗದಲ್ಲಿ. ಬುಧ ಗ್ರಹದ ನೆಲದಲ್ಲಿ ಗಂಧಕ ಜಾಸ್ತಿ ಅಂತ ಮೆಸೆಂಜರ್ ನೌಕೆ ತೋರಿಸಿದ ಮೇಲೆ ಅಲ್ಲೂ ಇದು ಇರಬಹುದು ಅನ್ನುತ್ತಾರೆ. ಇಲ್ಲಿಯ ತೇವ ತಾಗಿದರೆ ಸಾಕು, ಕಲ್ಲು ಕೆಡುತ್ತಾ ಕೊಳೆತ ಮೊಟ್ಟೆ ವಾಸನೆ ಬಿಡುತ್ತದೆ. ಹೆಸರಿಗೆ ಸುಣ್ಣ ಬಳಿದರೆ ಈ ಕಥೆಯೇ ಉಲ್ಟಾ ಆಗುತ್ತದೆ. ‘ಸುಣ್ಣಿಕ’ಕ್ಕೂ ಇದೇ ಮಾತು.

ಹೊಸದುರ್ಗದಿಂದ:
ಆಹಾ! ಕ್ಯಾಲ್ಸಿಯಂ ಅನ್ನುವ ಪದ ಎಲ್ಲಿಂದ ಬಂತು ಮೇಷ್ಟ್ರೇ? ಲ್ಯಾಟಿನ್ನಿನ ಕ್ಯಾಲ್ಕ್ಸ್, ಅಂದರೆ ಸುಣ್ಣವೇ! ಅವರು ಸುಣ್ಣದಿಂದ ಕಟ್ಟಿದರೆ ವಿಜ್ಞಾನ, ನಾವು ಕಟ್ಟಿದರೆ ಕಥೆ ಉಲ್ಟಾ? ಈ ಬಳಗದಲ್ಲಿ ಯಾವ ಪದ ಕೇಳಿದರೂ ಕೊನೆಗೆ ಇಂಗ್ಲಿಷಿಗೇ ಕನ್ನಡ ಲಿಪಿ ತೊಡಿಸಿ ಕಳಿಸುತ್ತೀರಿ. ಹೀಗಾದರೆ ಬಳಗ ಯಾಕೆ ಬೇಕು?

ಚಿತ್ರದುರ್ಗದಿಂದ:
ಸುಣ್ಣ ಮಾತ್ರ ನಿಮ್ಮ ಮನೆಯದಾ? ಅದೂ ‘ಚೂರ್ಣ’ದಿಂದ ಬಂದದ್ದು. ಸಾಲ ಬೇಡ ಅನ್ನುವವರು ಮೊದಲು ಹಳೇ ಬಾಕಿ ತೀರಿಸಲಿ.

ಹಿರಿಯೂರಿನಿಂದ:
ಕ್ಯಾಲ್ಸಿಯಂ ವಿಷಯ ಒಪ್ಪಿದೆ, ಒಳ್ಳೆಯ ಏಟು. ಆದರೆ ಆ ಪದ ಕೇಳಿದಾಗ ಯಾರಿಗೂ ಗೋಡೆಗೆ ಬಳಿಯುವುದು ನೆನಪಾಗಲ್ಲ. ಸುಣ್ಣ ಅಂದರೆ ನೆನಪಾಗುತ್ತದೆ. ಮೇಡಂ, ಹೆಸರು ಹಾಗೇ ಇರಲಿ, ಕೆಳಗೆ ಒಂದೆರಡು ಸಾಲು ವಿವರ ಹಾಕಿ.

ದಾವಣಗೆರೆಯಿಂದ:
ಮ್ಯಾಟರ್ ಕಳಿಸಿದೆ. ಹೀಗಿದೆ: “ಓಲ್ಡಮೈಟ್. ಕ್ಯಾಲ್ಸಿಯಂ ಮತ್ತು ಗಂಧಕ ಸೇರಿದ ಅಪರೂಪದ ಖನಿಜ. ಬಸ್ತಿಯಲ್ಲಿ ಬಿದ್ದ ಉಲ್ಕಾಶಿಲೆಯಲ್ಲಿ ಮೊದಲು ಕಂಡಿತು. ತೇವ ತಾಗಿದರೆ ಕೆಡುತ್ತದೆ.” ಎಲ್ಲರಿಗೂ ಥ್ಯಾಂಕ್ಸ್.

ಹೊಸದುರ್ಗದಿಂದ:
‘ಉಲ್ಕಾಶಿಲೆ’ ಯಾಕೆ? ‘ಬಾನ್ಗಲ್ಲು’ ಅಂತ ಚೆನ್ನಾಗಿರೋ ಪದ ಇದೆಯಲ್ಲ. ಪ್ರಿಂಟ್ ಆಗಿಲ್ಲ ಅಂದರೆ ಈಗಲೂ ಬದಲಾಯಿಸಬಹುದು.

ಚಿತ್ರದುರ್ಗದಿಂದ:
ಬೇಡ.